ನಾವು ಗೆದ್ದೆವು, ಅವನು ಸೋತ

ಹತ್ತು ವರ್ಷದೊಳಗಿನವರ ಫುಟ್‌ಬಾಲ್‌ನಲ್ಲಿ ನಾನು ಆಡಲು ಶುರುಮಾಡಿ ಇದು ಮೂರನೇ ವರ್ಷ. ಜೊತೆಗೆ ಮಗನೂ ಬರುತ್ತಾನೆ.

ನನಗೀಗ ನಲವತ್ತಮೂರು. ಎರಡು ಮಹಡಿ ಹತ್ತಿದರೆ ಏದುಸಿರು, ಕೂತು ಎದ್ದರೆ ಮೊಣಕಾಲು ಲಟಕ್ಕೆನ್ನುತ್ತದೆ. ಆದರೆ ಶನಿವಾರ ಬೆಳಿಗ್ಗೆ ಮೈದಾನದ ಗೆರೆ ಪಕ್ಕ ನಿಂತೆನೆಂದರೆ ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ಕೂರುವ ಮಾತೇ ಇಲ್ಲ. ಚೆಂಡು ಎಡಕ್ಕೆ ಹೋದರೆ ಎಡಕ್ಕೆ ಓಡುತ್ತೇನೆ, ಬಲಕ್ಕೆ ಬಂದರೆ ಬಲಕ್ಕೆ. ಆಫ್‌ಸೈಡ್ ಕೂಗುತ್ತೇನೆ, ಪೆನಾಲ್ಟಿ ಕೇಳುತ್ತೇನೆ, ಯಾರನ್ನು ಹೊರಗೆ ಕರೆಯಬೇಕೆಂದು ಕೋಚ್‌ಗೆ ಕೈಸನ್ನೆ ಮಾಡುತ್ತೇನೆ. ಚೆಂಡು ಒದೆಯುವುದೊಂದನ್ನು ಮಾತ್ರ ಮಗನಿಗೆ ಬಿಟ್ಟಿದ್ದೇನೆ. ಅಷ್ಟು ಸಣ್ಣ ಕೆಲಸವನ್ನೂ ಅವನು ನೆಟ್ಟಗೆ ಮಾಡುವುದಿಲ್ಲ ಎನ್ನುವುದೇ ನಮ್ಮ ಮನೆಯ ಸದ್ಯದ ಸಂಕಟ.

ಮೊನ್ನೆ ನೋಡಿ. ಕೋಚ್ "ಹಿಂದೆ ಬಾ" ಅಂದರು. ನಾನು "ಮುಂದೆ ಹೋಗೋ" ಅಂದೆ. ಅವನ ಅಮ್ಮ "ಬೆವರು ಒರೆಸ್ಕೊಳೋ" ಅಂದಳು. ಹುಡುಗ ಮೂವರ ಮಾತಿಗೂ ಬೆಲೆ ಕೊಟ್ಟು ನಟ್ಟನಡುವೆ ನಿಂತು ಜೆರ್ಸಿಯಿಂದ ಮುಖ ಒರೆಸಿಕೊಂಡ. ಚೆಂಡು ಅವನ ಕಾಲ ಪಕ್ಕದಲ್ಲೇ ಉರುಳಿಕೊಂಡು ಹೋಗಿ ಗೋಲಾಯಿತು.

ಈ ಆಟಕ್ಕೆ ಇಳಿದ ಮೇಲೆ ನನಗಾದ ದೊಡ್ಡ ಲಾಭ ವ್ಯಾಕರಣದ್ದು. ಶಾಲೆಯಲ್ಲಿ ಮೇಷ್ಟ್ರು ಉತ್ತಮ ಪುರುಷ, ಮಧ್ಯಮ ಪುರುಷ, ಪ್ರಥಮ ಪುರುಷ ಅಂತ ಉರು ಹೊಡೆಸಿದಾಗ ತಲೆಗೆ ಹತ್ತಿರಲಿಲ್ಲ. ಈಗ ತಾನಾಗಿಯೇ ಬಾಯಿಗೆ ಬರುತ್ತದೆ. ಗೆದ್ದರೆ ಉತ್ತಮ ಪುರುಷ, ಬಹುವಚನ: "ನಾವು ಗೆದ್ದೆವು." ಸೋತರೆ ಪ್ರಥಮ ಪುರುಷ, ಏಕವಚನ: "ಅವನು ಸೋತ." ಹುಡುಗನಿಗೆ ನಮ್ಮಿಂದ 'ಪ್ರಥಮ' ಸಿಗುವುದು ಆಗ ಮಾತ್ರ. ಡ್ರಾ ಆದರೆ ಕರ್ತೃವೇ ಇಲ್ಲದ ವಾಕ್ಯ: "ಇನ್ನೊಂದು ಗೋಲ್ ಹೊಡೀಬೋದಿತ್ತು." ಉಳಿದದ್ದು ಮಧ್ಯಮ ಪುರುಷ. ಅದರ ಪ್ರಯೋಗಕ್ಕೆ ಪ್ರತ್ಯೇಕ ಜಾಗವೇ ಇದೆ. ಕಾರು.

ಮನೆಗೆ ವಾಪಸಾಗುವ ಕಾರಿಗಿಂತ ಒಳ್ಳೆಯ ವಿಚಾರಣಾ ಕೊಠಡಿಯನ್ನು ಯಾವ ಪೊಲೀಸರೂ ಕಟ್ಟಿಸಿಲ್ಲ. ಬಾಗಿಲಿಗೆ ಚೈಲ್ಡ್ ಲಾಕ್, ಆರೋಪಿಗೆ ಸೀಟ್ ಬೆಲ್ಟ್, ವಕೀಲರಿಗೆ ಪ್ರವೇಶವಿಲ್ಲ. ಪ್ರಶ್ನೆ ಕೇಳುವವನ ಮುಖ ಕಾಣುವುದಿಲ್ಲ, ಕನ್ನಡಿಯಲ್ಲಿ ಎರಡು ಕಣ್ಣು ಮಾತ್ರ.

"ನಾನು ಬೈತಿಲ್ಲ, ಸುಮ್ನೆ ಕೇಳ್ತಿದೀನಿ. ನೀನು ಆ ಬಾಲ್ ಯಾಕೆ ಬಿಟ್ಟೆ?"

ಹಿಂದಿನ ಸೀಟಿನಿಂದ 'ಪರ್' ಎಂದು ಸದ್ದು. ಶಿನ್‌ಗಾರ್ಡಿನ ಪಟ್ಟಿ ಬಿಚ್ಚುತ್ತಾನೆ, ಅಂಟಿಸುತ್ತಾನೆ. ಮತ್ತೆ ಪರ್.

"ಆಗ ಯಾವ ಕಡೆ ನೋಡ್ತಿದ್ದೆ ನೀನು?"

"ನಾಯಿ ಬಂದಿತ್ತು."

"ಯಾವ ನಾಯಿ?"

"ಕಂದು ಬಣ್ಣದ್ದು. ಒಂದು ಕಿವಿ ಮಡಚ್ಕೊಂಡಿತ್ತಪ್ಪ. ಕಾರ್ನರ್ ಬಾವುಟದ ಹತ್ರ ಮಲಗಿತ್ತು."

ಇಡೀ ಪಂದ್ಯದಲ್ಲಿ ನನ್ನ ಕಣ್ಣಿಗೆ ಅಂಥ ನಾಯಿ ಬಿದ್ದಿರಲಿಲ್ಲ. ಕೆಂಪು ಸಿಗ್ನಲ್ ಬಂತು. ಗಾಡಿ ನಿಲ್ಲಿಸಿ, ಪೂರ್ತಿ ಹಿಂದಕ್ಕೆ ತಿರುಗಿ, ಏಕಾಗ್ರತೆ ಎಂದರೇನು ಎಂದು ವಿವರಿಸತೊಡಗಿದೆ. ಹಸಿರು ದೀಪ ಬಂದದ್ದು ಹಿಂದಿನ ನಾಲ್ಕು ಗಾಡಿಯವರು ಒಟ್ಟಿಗೆ ಹಾರ್ನ್ ಹೊಡೆದಾಗಲೇ ಗೊತ್ತಾದದ್ದು.

"ಅಪ್ಪಾ, ಹಸಿವಾಗ್ತಿದೆ."

"ಆ ಹಸಿವು ಗ್ರೌಂಡಲ್ಲಿ ಇರಬೇಕಿತ್ತು" ಅಂದೆ. ಇಂಥ ಮಾತು ನನಗೆ ಥಟ್ಟನೆ ಹೊಳೆಯುತ್ತದೆ. ಹೆಂಡತಿ ಕಿಟಕಿ ಕಡೆ ಮುಖ ತಿರುಗಿಸುವುದೂ ಸರಿಯಾಗಿ ಅದೇ ಹೊತ್ತಿಗೆ.

ವಾರದ ಉಳಿದ ದಿನಗಳ ಪಂದ್ಯ ನಡೆಯುವುದು ವಾಟ್ಸಾಪ್‌ನಲ್ಲಿ. ಕೋಚ್ ಇರುವ ಗುಂಪು ಒಂದು, ಕೋಚ್ ಇಲ್ಲದ ಗುಂಪು ಒಂದು, ಗೋಲ್‌ಕೀಪರ್ ಹುಡುಗನ ಅಪ್ಪ ಇಲ್ಲದ ಗುಂಪು ಇನ್ನೊಂದು. ಮೊದಲನೆಯದರಲ್ಲಿ ಕೈ ಮುಗಿಯುವ ಚಿತ್ರಗಳು, ಎರಡನೆಯದರಲ್ಲಿ ಅಸಲಿ ಮಾತು. "ಕೋಚ್ ಸರ್, ತಪ್ಪು ತಿಳ್ಕೋಬೇಡಿ" ಎಂದು ಶುರುವಾಗುವ ಸಂದೇಶವನ್ನು ಸರಿಯಾಗಿ ತಿಳಿದುಕೊಳ್ಳಲು ಸಾಧ್ಯವೇ ಇಲ್ಲದ ಹಾಗೆ ಬರೆಯುವುದು ಒಂದು ಕಲೆ. ನಾನು ಸ್ಟಾಪ್‌ವಾಚ್ ಇಟ್ಟುಕೊಂಡು ಯಾವ ಹುಡುಗ ಎಷ್ಟು ನಿಮಿಷ ಆಡಿದ ಎಂದು ಬರೆದಿಡುತ್ತೇನೆ. ಕೋಚ್‌ನ ಅಕ್ಕನ ಮಗ 41 ನಿಮಿಷ, ನನ್ನವನು 24. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಹಿರಿಯರು ಹೇಳಿ ಸುಮ್ಮನಾದರು. ಅವರ ಕಾಲದ ಹೆಗ್ಗಣ ಮನೆಯಲ್ಲಿ ಬಿದ್ದಿರುತ್ತಿತ್ತು. ಈಗಿನ ಹೆಗ್ಗಣಕ್ಕೆ ಸೆಂಟರ್ ಫಾರ್ವರ್ಡ್ ಜಾಗವೂ ಬೇಕು.

ರೆಫರಿಯ ವಿಷಯ ಎತ್ತದಿದ್ದರೆ ಅವರಿಗೆ ಬೇಸರವಾದೀತು. ನಮ್ಮ ಪಂದ್ಯಗಳಿಗೆ ಬರುವ ರೆಫರಿಗೆ ಹದಿನೈದೋ ಹದಿನಾರೋ. ಮೀಸೆ ಇನ್ನೂ ಮನಸ್ಸು ಮಾಡಿಲ್ಲ. ಬ್ಯಾಂಕಿನಲ್ಲಿ, ಆಫೀಸಿನಲ್ಲಿ ಇಡೀ ವಾರ "ಎಸ್ ಸರ್" ಅಂದುಕೊಂಡಿದ್ದ ನಾವು ಇಪ್ಪತ್ತೆರಡು ಜನ ದೊಡ್ಡವರು ಶನಿವಾರ ಆ ಹುಡುಗನ ಕಣ್ಣು, ಕನ್ನಡಕ ಮತ್ತು ನಿಯತ್ತಿನ ಬಗ್ಗೆ ಗಟ್ಟಿಯಾಗಿ ಅಭಿಪ್ರಾಯ ಹೇಳುತ್ತೇವೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಆ ಗಾದೆಯ ಕೆಲಸವನ್ನು ಹಂಚಿಕೊಂಡಿದ್ದೇವೆ: ಕುಣಿಯುವವರು ಮಕ್ಕಳು, ನೆಲ ಡೊಂಕು ಅನ್ನುವವರು ನಾವು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2008ರಲ್ಲಿ 'ರೆಸ್ಪೆಕ್ಟ್' ಎಂಬ ಕಾರ್ಯಕ್ರಮ ಶುರುಮಾಡಿ, ಮಕ್ಕಳ ಮೈದಾನದ ಬದಿಯಲ್ಲಿ ಅಪ್ಪ ಅಮ್ಮಂದಿರು ಗೆರೆ ದಾಟದಂತೆ ಅಡ್ಡ ಕಟ್ಟುವ ವ್ಯವಸ್ಥೆ ಮಾಡಿತು. ಮಕ್ಕಳು ಒಳಗೆ ಬಿಡುಬೀಸಾಗಿ, ದೊಡ್ಡವರು ಹಗ್ಗದ ಆಚೆ. ಹಗ್ಗ ಸಾಮಾನ್ಯವಾಗಿ ಯಾರಿಗೆ ಕಟ್ಟುತ್ತಾರೆ ಎಂದು ನಾನು ಬಿಡಿಸಿ ಹೇಳುವುದಿಲ್ಲ.

ನನ್ನ ಮಗ ಇನ್ನೂ ತಾರೆಯಾಗದೆ ಇರುವುದಕ್ಕೆ ಶಾಸ್ತ್ರೀಯ ಕಾರಣವಿದೆ, ಅದನ್ನು ನಾನೇ ಹುಡುಕಿದ್ದೇನೆ. ಅವನು ಡಿಸೆಂಬರ್ 20ಕ್ಕೆ ಹುಟ್ಟಿದವನು. 1985ರಲ್ಲಿ ಕೆನಡಾದ ರೋಜರ್ ಬಾರ್ನ್ಸ್‌ಲಿ ಎಂಬ ಮನೋವಿಜ್ಞಾನಿ ಮತ್ತು ಜೊತೆಗಾರರು ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳು ಲೆಕ್ಕ ಹಾಕಿ ನೋಡಿದರು. ಮೇಲಿನ ಹಂತ ಮುಟ್ಟಿದವರಲ್ಲಿ ಜನವರಿ, ಫೆಬ್ರವರಿ, ಮಾರ್ಚ್‌ನವರೇ ಜಾಸ್ತಿ. ವರ್ಷದ ಕೊನೆಗೆ ಹುಟ್ಟಿದವರು ಕಡಿಮೆ. ಕಾರಣ ಸರಳ. ವಯಸ್ಸಿನ ಗುಂಪನ್ನು ಜನವರಿ ಒಂದರಿಂದ ಎಣಿಸುತ್ತಾರೆ. ಒಂಬತ್ತು ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳ ವ್ಯತ್ಯಾಸ ಎಂದರೆ ಸುಮಾರು ಎರಡು ಇಂಚು ಎತ್ತರ. ಕೋಚ್ ಎತ್ತರವನ್ನು ಪ್ರತಿಭೆ ಅಂದುಕೊಳ್ಳುತ್ತಾನೆ, ಎತ್ತರದವನನ್ನು ಆರಿಸುತ್ತಾನೆ, ಆರಿಸಿದವನಿಗೆ ಹೆಚ್ಚು ತರಬೇತಿ ಕೊಡುತ್ತಾನೆ, ಕೊನೆಗೆ ಅವನು ನಿಜವಾಗಿಯೂ ಚೆನ್ನಾಗಿ ಆಡುತ್ತಾನೆ.

ಓದಿದ ರಾತ್ರಿಯೇ ಹೆಂಡತಿಗೆ ಹೇಳಿದೆ. "ಇನ್ನು ಹನ್ನೆರಡು ದಿನ ತಡೆದಿದ್ದರೆ ಆಗ್ತಿತ್ತು ಕಣೇ."

ಅವಳು ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟು ನನ್ನ ಮುಖ ನೋಡಿದಳು. ಹೆರಿಗೆಯ ದಿನ ಹೊರಗಡೆ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಮ್ಯಾಚ್ ನೋಡುತ್ತಿದ್ದವನು ಯಾರು ಎಂದು ಕೇಳಿದಳು. ಸಂಶೋಧನೆಗೆ ಮನೆಯಲ್ಲಿ ಪ್ರೋತ್ಸಾಹ ಎನ್ನುವುದೇ ಇಲ್ಲ.

ಹುಟ್ಟಿದ ತಿಂಗಳನ್ನು ಬದಲಿಸಲಾಗದಿದ್ದರೂ ಹುಟ್ಟಿದ ಪತ್ರ ಬದಲಿಸಬಹುದು ಎಂದು ಕಂಡುಕೊಂಡ ದೂರದೃಷ್ಟಿಯ ಅಪ್ಪಂದಿರೂ ಆಗಿಹೋಗಿದ್ದಾರೆ. 2001ರಲ್ಲಿ ಅಮೆರಿಕದ ಲಿಟಲ್ ಲೀಗ್ ಬೇಸ್‌ಬಾಲ್ ವಿಶ್ವ ಸರಣಿಯಲ್ಲಿ 12 ವರ್ಷದ ಹುಡುಗನೊಬ್ಬ ಎಸೆದ ಚೆಂಡು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಆಮೇಲೆ ದಾಖಲೆ ಕೆದಕಿದರೆ ಹುಡುಗನಿಗೆ 14. ತಂಡದ ಗೆಲುವುಗಳನ್ನೆಲ್ಲ ಅಳಿಸಿ ಹಾಕಿದರು. 17ರೊಳಗಿನವರ ವಿಶ್ವಕಪ್‌ಗೆ ಫಿಫಾ 2009ರಿಂದ ಮಣಿಕಟ್ಟಿನ ಎಂಆರ್‌ಐ ತೆಗೆಸುತ್ತಿದೆ. ಬೆಳೆಯುವ ವಯಸ್ಸಿನಲ್ಲಿ ಎಲುಬಿನ ತುದಿ ಇನ್ನೂ ಕೂಡಿಕೊಂಡಿರುವುದಿಲ್ಲ; ಪೂರ್ತಿ ಕೂಡಿದ್ದರೆ ಹುಡುಗನಿಗೆ ಹದಿನೇಳು ದಾಟಿರುವುದು ಹೆಚ್ಚುಕಡಿಮೆ ಖಚಿತ. ಅಪ್ಪನ ಮಾತು ಬೇಡ, ಮಗನ ಎಲುಬೇ ಹೇಳಲಿ ಎನ್ನುವ ಮಟ್ಟಿಗೆ ನಾವು ವಿಶ್ವಾಸ ಸಂಪಾದಿಸಿದ್ದೇವೆ.

ನಮ್ಮ ಗುಂಪಿನಲ್ಲಿ ಪ್ರತಿ ಬೆಳಿಗ್ಗೆ ಯಾರಾದರೊಬ್ಬರು ಮಹಾನ್ ಅಪ್ಪಂದಿರ ಕಥೆ ಹಾಕುತ್ತಾರೆ. ಟೈಗರ್ ವುಡ್ಸ್ 1978ರಲ್ಲಿ, ಎರಡು ವರ್ಷದ ಮಗುವಾಗಿದ್ದಾಗಲೇ ಟಿವಿ ಕಾರ್ಯಕ್ರಮದಲ್ಲಿ ಗಾಲ್ಫ್ ಚೆಂಡು ಹೊಡೆದು ತೋರಿಸಿದ; ನಮ್ಮವನು ಎರಡನೇ ವರ್ಷದಲ್ಲಿ ರಿಮೋಟ್ ಚೀಪುತ್ತಿದ್ದ. ಟೆನಿಸ್ ತಾರೆಯರಾದ ವೀನಸ್ ಮತ್ತು ಸೆರೆನಾ ಹುಟ್ಟುವ ಮೊದಲೇ ಅವರ ಅಪ್ಪ ರಿಚರ್ಡ್ ವಿಲಿಯಮ್ಸ್ ಪುಟಗಟ್ಟಲೆ ಯೋಜನೆ ಬರೆದಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಮೂರ್ಖತನ ಎಂದಿದ್ದವರು ಈಗ ಎಲ್ಲಿ? ಅದೇ ಅಪ್ಪ 1991ರಲ್ಲಿ ಇಬ್ಬರನ್ನೂ ಜೂನಿಯರ್ ಟೂರ್ನಿಗಳಿಂದಲೇ ಬಿಡಿಸಿಬಿಟ್ಟರು. ಆ ವಿಷಯ ಮಾತ್ರ ನಮ್ಮ ಗುಂಪಿಗೆ ಇನ್ನೂ ಫಾರ್ವರ್ಡ್ ಆಗಿಲ್ಲ. ಫೆಡರರ್ ಹುಡುಗನಾಗಿದ್ದಾಗ ಟೆನಿಸ್ ಜೊತೆಗೆ ಫುಟ್‌ಬಾಲೂ ಆಡಿಕೊಂಡಿದ್ದ ಎನ್ನುವುದೂ ಬಂದಿಲ್ಲ.

ನನಗೆ ಬಹಳ ಇಷ್ಟವಾದ ಕಥೆ ಆಂಡ್ರೆ ಅಗಾಸಿಯದು. ಅಪ್ಪ ಚೆಂಡು ಉಗುಳುವ ಯಂತ್ರವೊಂದನ್ನು ಬಿಚ್ಚಿ, ಇನ್ನಷ್ಟು ರಭಸವಾಗಿ ಉಗುಳುವಂತೆ ಜೋಡಿಸಿ, ಅದರ ಮುಂದೆ ಮಗನನ್ನು ನಿಲ್ಲಿಸಿದ. ಮಗ ಎಂಟು ಗ್ರ್ಯಾಂಡ್ ಸ್ಲಾಮ್ ಗೆದ್ದ, ನಿವೃತ್ತನಾದ, ಆಮೇಲೆ 2009ರಲ್ಲಿ ಟೆನಿಸ್ ಅಂದರೆ ತನಗೆ ಮೊದಲಿಂದಲೂ ದ್ವೇಷ ಎಂದು ಬರೆದುಕೊಂಡ. ನಾನು ಇದನ್ನು ಗುಂಪಿಗೆ ಹಾಕಿದೆ. "ದ್ವೇಷ ಇದ್ರೆ ಏನ್ ಸರ್, ಎಂಟು ಗೆದ್ದನಲ್ಲ" ಎಂದು ಒಬ್ಬರು. "ಆ ಮೆಷಿನ್ ಎಲ್ಲಿ ಸಿಗುತ್ತೆ?" ಎಂದು ಇನ್ನೊಬ್ಬರು.

ಗಡಿ ದಾಟಿದವರ ಕಥೆಯೂ ಇದೆ, ಅದನ್ನು ಯಾರೂ ಬೆಳಿಗ್ಗೆ ಹಾಕುವುದಿಲ್ಲ. ಮೇರಿ ಪಿಯರ್ಸ್ ಎಂಬ ಆಟಗಾರ್ತಿಯ ಅಪ್ಪನ ಬೈಗುಳ ತಡೆಯಲಾರದೆ 1993ರಲ್ಲಿ ಮಹಿಳಾ ಟೆನಿಸ್ ಸಂಸ್ಥೆ ಆತನನ್ನು ಟೂರ್ನಿಗಳಿಂದಲೇ ದೂರವಿಟ್ಟಿತು. ಫ್ರಾನ್ಸಿನಲ್ಲಿ ಒಬ್ಬ ಅಪ್ಪ ತನ್ನ ಮಕ್ಕಳ ಎದುರಾಳಿಗಳ ನೀರಿನ ಬಾಟಲಿಗೆ ಮಂಪರು ಬರುವ ಔಷಧಿ ಬೆರೆಸುತ್ತಿದ್ದ. 2003ರಲ್ಲಿ ಹಾಗೆ ಕುಡಿದು ಆಡಿದ ಯುವಕನೊಬ್ಬ ಮನೆಗೆ ಹೋಗುವ ದಾರಿಯಲ್ಲಿ ಕಾರು ಅಪಘಾತದಲ್ಲಿ ಸತ್ತ. 2006ರಲ್ಲಿ ಅಪ್ಪನಿಗೆ ಎಂಟು ವರ್ಷ ಜೈಲಾಯಿತು. ನಾನು ಅಂಥವನಲ್ಲ, ದೇವರಾಣೆ. ಹೋದ ತಿಂಗಳು ಎದುರು ತಂಡದ ಏಳನೇ ನಂಬರಿನ ಹುಡುಗ ಕಾಲು ಉಳುಕಿಸಿಕೊಂಡು ಕುಂಟುತ್ತಾ ಹೊರಗೆ ನಡೆದಾಗ ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಚಪ್ಪಾಳೆ ಅವನ ಧೈರ್ಯಕ್ಕೋ, ಅವನು ಹೊರಗೆ ಹೋಗುತ್ತಿದ್ದಾನೆ ಎನ್ನುವುದಕ್ಕೋ ಎಂದು ಯಾರೂ ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು.

ನಡುವೆ ನಮ್ಮವನಿಗೂ ಹಿಮ್ಮಡಿ ನೋವು ಶುರುವಾಯಿತು. ಡಾಕ್ಟರು ಹಿಮ್ಮಡಿಯನ್ನು ಎರಡೂ ಬದಿಯಿಂದ ಒತ್ತಿ ನೋಡಿ, ಬೆಳೆಯುವ ವಯಸ್ಸಿನಲ್ಲಿ ಅಲ್ಲಿನ ಎಲುಬು ಇನ್ನೂ ಎಳಸು, ಓಡಿ ಜಿಗಿದು ಜಾಸ್ತಿಯಾದರೆ ಹೀಗಾಗುತ್ತದೆ, ವಿಶ್ರಾಂತಿ ಕೊಡಿ ಅಂದರು. ಎಷ್ಟು ದಿನ ಎಂದೆ. ನೋವು ಹೋಗುವವರೆಗೆ ಎಂದರು.

"ಶನಿವಾರ ಮ್ಯಾಚ್ ಇದೆ ಡಾಕ್ಟ್ರೇ."

"ಯಾರಿಗೆ?"

"ನಮಗೆ."

"ನೋವು ಯಾರಿಗೆ?"

"ಅವನಿಗೆ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಅವರಿಗೂ ವ್ಯಾಕರಣ ಗೊತ್ತಿದೆ ಅಂತ ಕಾಣುತ್ತದೆ. ಒಂದೇ ಆಟಕ್ಕೆ ಮಗುವನ್ನು ಕಟ್ಟಿಹಾಕುವುದನ್ನು ಹದಿನೈದು ಹದಿನಾರು ವರ್ಷದವರೆಗೆ ಮುಂದೂಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲೇ ಹೇಳಿದೆ ಎಂದೂ ತಿಳಿಸಿದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಾನು ಕೇಳಿದೆ. "ಗಿಡ ಬಗ್ಗುತ್ತೆ ಸ್ವಾಮಿ, ನೀವು ಅದರ ಮೇಲೆ ಕೂತಿದ್ದೀರಿ" ಅಂದರು. ಡಾಕ್ಟರನ್ನು ಬದಲಿಸಿದೆವು.

ಮಕ್ಕಳ ಕ್ರೀಡೆಯನ್ನು ಹಾಳುಮಾಡಿಕೊಂಡ ದೇಶ ನೋಡಬೇಕೆಂದರೆ ನಾರ್ವೆಗೆ ಹೋಗಬೇಕು. ಅಲ್ಲಿ 1987ರಲ್ಲೇ ಮಕ್ಕಳ ಕ್ರೀಡೆಗೆ ನಿಯಮ ಮಾಡಿದರು, 2007ರಲ್ಲಿ ಇನ್ನೊಮ್ಮೆ ತಿದ್ದಿದರು. ಹನ್ನೊಂದನೇ ವರ್ಷದವರೆಗೆ ಅಂಕಪಟ್ಟಿ, ರ‍್ಯಾಂಕಿಂಗ್ ಇಲ್ಲ. ಹದಿಮೂರನೇ ವರ್ಷದವರೆಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಬಹುಮಾನ ಕೊಟ್ಟರೆ ಎಲ್ಲ ಮಕ್ಕಳಿಗೂ ಕೊಡಬೇಕು. ಎಷ್ಟು ಆಡಬೇಕು, ಯಾವ ಆಟ ಆಡಬೇಕು ಎನ್ನುವುದರಲ್ಲಿ ಮಗುವಿನ ಮಾತಿಗೂ ಬೆಲೆ. ಮಗುವಿನ ಮಾತು! ಆ ದೇಶದ ಅಪ್ಪಂದಿರು ಶನಿವಾರ ಏನು ಮಾಡುತ್ತಾರೋ ಪಾಪ. ಇಷ್ಟೆಲ್ಲ ಅನ್ಯಾಯವಾದ ಮೇಲೆ ಆ ಐವತ್ತೈದು ಲಕ್ಷ ಚಿಲ್ಲರೆ ಜನರ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದಿತು. ಅಲ್ಲಿಯವರೆಗೆ ಒಂದೇ ಚಳಿಗಾಲದ ಕೂಟದಲ್ಲಿ ಅಷ್ಟು ಚಿನ್ನ ಯಾವ ದೇಶಕ್ಕೂ ಸಿಕ್ಕಿರಲಿಲ್ಲ. ಇದನ್ನೂ ಗುಂಪಿಗೆ ಹಾಕಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಗೋಲ್‌ಕೀಪರ್ ಹುಡುಗನ ಅಪ್ಪ ಬರೆದರು: "ಅಲ್ಲಿ ಹಿಮ ಇದೆ ಸರ್."

ಇಷ್ಟರಲ್ಲಿ ನಮ್ಮ ಕೋಚ್ ಎಲ್ಲಿಂದಲೋ ಒಂದು ಸುದ್ದಿ ಹಿಡಿದು ತಂದರು. 1999ರಲ್ಲಿ ಅಮೆರಿಕದ ಓಹಿಯೊ ಕಡೆಯ ಮಕ್ಕಳ ಫುಟ್‌ಬಾಲ್ ಲೀಗೊಂದರಲ್ಲಿ 'ಮೌನ ಭಾನುವಾರ' ಆಚರಿಸಿದರಂತೆ. ಅಪ್ಪ ಅಮ್ಮಂದಿರು ಪಂದ್ಯ ನೋಡಬಹುದು, ತುಟಿ ಬಿಚ್ಚುವಂತಿಲ್ಲ. ಬಾಯಿಗೆ ಕೆಲಸವಿರಲಿ ಎಂದು ಲಾಲಿಪಾಪ್ ಹಂಚಿದ್ದರಂತೆ. ನಮ್ಮಲ್ಲೂ ಒಂದು ಶನಿವಾರ ಮಾಡೋಣ ಎಂದರು. ಕೋಚ್ ಇಲ್ಲದ ಗುಂಪಿನಲ್ಲಿ ಆ ರಾತ್ರಿ 212 ಸಂದೇಶ.

ಆದರೂ ಶನಿವಾರ ಬಂತು. ಕೋಚ್ ಡಬ್ಬ ಹಿಡಿದು ಒಬ್ಬೊಬ್ಬರ ಮುಂದೆ ನಿಂತರು. ನನಗೆ ಕೆಂಪು ಬಣ್ಣದ್ದು ಬಂತು. ಸೀಟಿ ಊದಿತು. ಇಪ್ಪತ್ತೆರಡು ಜನ ದೊಡ್ಡವರು, ಸಾಲ ಕಂತು ಬೆನ್ನುನೋವು ಎಲ್ಲ ಇರುವವರು, ಸಾಲಾಗಿ ಕೂತು ಲಾಲಿಪಾಪ್ ಚೀಪಿದೆವು. ಐದನೇ ನಿಮಿಷಕ್ಕೆ ನಮ್ಮ ಬ್ಯಾಕ್ ಹುಡುಗನಿಗೆ ಚೆಂಡು ತಪ್ಪಿತು. ಅವನ ಅಪ್ಪನ ಕುತ್ತಿಗೆಯ ನರ ಹಗ್ಗದಂತೆ ಎದ್ದಿತು, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು, ಬಾಯೊಳಗೆ ಏನೋ ಕಟಕ್ಕೆಂದು ಒಡೆಯಿತು. ಲಾಲಿಪಾಪೋ ಹಲ್ಲೋ ಗೊತ್ತಾಗಲಿಲ್ಲ.

ಆಮೇಲೆ ಒಂದು ವಿಚಿತ್ರ ಸದ್ದು ಕೇಳತೊಡಗಿತು. ಮೊದಲು ಪಕ್ಕದ ಮೈದಾನದ್ದು ಅಂದುಕೊಂಡೆ. ಅಲ್ಲ, ನಮ್ಮದೇ. ಹುಡುಗರು ಮಾತಾಡುತ್ತಿದ್ದರು. "ಕೊಡೋ ಇಲ್ಲಿ." "ಹಿಂದೆ ಇದಾನೆ ನೋಡೋ." "ಲೋ, ನಂದು ಶೂ ಬಿಚ್ಕೊಳ್ತು, ಒಂದ್ನಿಮಿಷ." ಎದುರು ತಂಡದ ಏಳನೇ ನಂಬರ್ ನಿಂತು ಕಾದ. ಅದರಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ, ಎಡೆಬಿಡದೆ ಕೂಗುತ್ತಿದ್ದವನು ನನ್ನ ಮಗ. ಮನೆಯಲ್ಲಿ ಕೇಳಿದ್ದಕ್ಕೆ ಹ್ಞೂಂ, ಊಹೂಂ ಅನ್ನುವವನು. ಕಾರ್ನರ್ ಬಾವುಟದ ಹತ್ತಿರ ಕಂದು ನಾಯಿಯೊಂದು ಮಲಗಿತ್ತು. ಒಂದು ಕಿವಿ ಮಡಚಿತ್ತು.

ಎಷ್ಟಕ್ಕೆ ಎಷ್ಟಾಯಿತು ಎಂದು ನನಗೆ ಲೆಕ್ಕ ತಪ್ಪಿತು. ಸ್ಟಾಪ್‌ವಾಚ್ ಒತ್ತಲು ಮರೆತಿದ್ದೆ. ಪಕ್ಕದವರನ್ನು ಕೇಳೋಣವೆಂದರೆ ಮಾತಾಡುವ ಹಾಗಿಲ್ಲ.

ಕಾರಿನಲ್ಲಿ ಕೂತ ಮೇಲೆ ಕನ್ನಡಿ ಸರಿಮಾಡಿಕೊಂಡೆ. ಮಧ್ಯಮ ಪುರುಷದ ವಾಕ್ಯಗಳೆಲ್ಲ ಸಿದ್ಧವಾಗಿದ್ದವು, ಆದರೆ ಆ ಲಾಲಿಪಾಪ್ ಹಾಳಾದ್ದು ಇನ್ನೂ ಕರಗಿರಲಿಲ್ಲ. ಹಿಂದಿನ ಸೀಟಿನಲ್ಲಿ ವೆಲ್ಕ್ರೋ ಸದ್ದು ಒಂದೇ ಸಲ ಬಂತು. ಶಿನ್‌ಗಾರ್ಡ್ ಕೆಳಗೆ ಬಿತ್ತು.

"ಅಪ್ಪಾ, ಮುಂದಿನ ವಾರಾನೂ ಲಾಲಿಪಾಪ್ ಕೊಡ್ತಾರಾ?"

ಕಡ್ಡಿ ಹೊರಗೆಳೆದೆ. "ನಿನಗೆ ಯಾಕೋ ಅದು? ಹಲ್ಲು ಹಾಳಾಗುತ್ತೆ."

"ನಂಗಲ್ಲಪ್ಪ. ನಿಂಗೆ."